ಹಲ್ಲಿನ ಪಟಕ್ಕೆ ನಾನು ಬರೆದ ಚೀಟಿಗಳು

ಮಧುಗಿರಿ ಆಸ್ಪತ್ರೆಯಲ್ಲಿ ನನ್ನ ಜಾಗಕ್ಕೆ ಬಂದಿರುವ ಹೊಸ ಡಾಕ್ಟರು ಕಳೆದ ವಾರ ಒಂದು ಕಾಗದ ಬರೆದಿದ್ದಾರೆ. ತುಮಕೂರಿಗೆ ಎಕ್ಸ್‌ರೇ ಯಂತ್ರ ಬರುತ್ತದೆಂದು ಸುದ್ದಿಯಂತೆ. ಇನ್ನು ಹಲ್ಲುನೋವಿನವರನ್ನು ಬೆಂಗಳೂರಿನ ತನಕ ಅಟ್ಟಬೇಕಾಗಿಲ್ಲ. ಬೆಳಿಗ್ಗೆ ಬಸ್ಸು ಹತ್ತಿಸಿದರೆ ಸಂಜೆಗೆ ಪಟದ ಸಮೇತ ವಾಪಸು ಬರುತ್ತಾರೆ. "ಹಾಗಿದ್ದರೆ ಬಂದವರನ್ನೆಲ್ಲ ಕಳಿಸಿಬಿಡಲೇ? ಅಥವಾ ಯಾರನ್ನು ಕಳಿಸಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸಲು ನಿಮ್ಮಲ್ಲಿ ಏನಾದರೂ ಕ್ರಮವಿತ್ತೇ?" ಎಂದು ಕೇಳಿದ್ದಾರೆ. ಎರಡು ಸಾಲಿನ ಉತ್ತರ ಬರೆಯೋಣವೆಂದು ಕೂತೆ. ನಾಲ್ಕು ದಿನದಿಂದ ಬರೆಯುತ್ತಲೇ ಇದ್ದೇನೆ.

ನಾನೀಗ ಇರುವುದು ಹುಟ್ಟೂರಾದ ನಂಜನಗೂಡಿನಲ್ಲಿ. ಹೊಳೆ, ಗದ್ದೆ, ಬಾಳೆತೋಟ ಯಾವುದಕ್ಕೂ ಕಡಿಮೆಯಿಲ್ಲ. ಆದರೆ ಬೆಳಿಗ್ಗೆ ಬಾಗಿಲು ತೆಗೆದಾಗ ಎದುರಿಗೆ ಮಧುಗಿರಿಯ ಆ ಒಂಟಿ ಬಂಡೆಯ ಬೆಟ್ಟ ಕಾಣುವುದಿಲ್ಲ. ಕಣ್ಣು ಅದನ್ನು ಹುಡುಕಿ ಸುಮ್ಮನಾಗುತ್ತದೆ. "ಇಪ್ಪತ್ತು ವರ್ಷ ಆ ಊರಿನ ಬಿಸಿಲನ್ನ ಬೈದಿರಿ, ಈಗ ಅದೇ ಬೇಕು ಅಂತೀರಿ" ಎಂದು ನನ್ನ ಹೆಂಡತಿ ಶಾರದೆ ನಗುತ್ತಾಳೆ. ಅವಳು ಮಾತ್ರ ಏನು, ಸಂತೆಯಲ್ಲಿ ದಾಳಿಂಬೆ ಕಂಡರೆ "ಮಧುಗಿರೀದಾ?" ಎಂದು ಕೇಳುವುದನ್ನು ಇನ್ನೂ ಬಿಟ್ಟಿಲ್ಲ.

ನಾನು ಮಧುಗಿರಿಗೆ ಹೋದದ್ದು ಸಹಾಯಕ ಡಾಕ್ಟರಾಗಿ. ಮದರಾಸಿನಲ್ಲಿ ಆರು ತಿಂಗಳು ಹಲ್ಲಿನ ಕೆಲಸ ಕಲಿತಿದ್ದೆನೆಂಬ ಒಂದೇ ಕಾರಣಕ್ಕೆ ಸುತ್ತಲಿನ ತಾಲ್ಲೂಕುಗಳ ಹಲ್ಲೆಲ್ಲ ನನ್ನ ಪಾಲಿಗೆ ಬಂದವು. ವಾರದಲ್ಲಿ ನಾಲ್ಕು ದಿನ ಮಧುಗಿರಿ, ಒಂದು ದಿನ ಕೊರಟಗೆರೆ, ಒಂದು ದಿನ ಶಿರಾ, ತಿಂಗಳಿಗೊಮ್ಮೆ ಪಾವಗಡ. ಜನ ನನ್ನ ಹೆಸರನ್ನು ಕೇಳಲೇ ಇಲ್ಲ, 'ಹಲ್ಲು ಡಾಕ್ಟ್ರು' ಅಂದರು, ಅದೇ ಉಳಿಯಿತು. ಕುರ್ಚಿಯನ್ನು ಊರಿನ ಬಡಗಿಯೊಬ್ಬರು ಹಲಸಿನ ಮರದಲ್ಲಿ ಮಾಡಿಕೊಟ್ಟಿದ್ದರು. ತಲೆ ಆನಿಸಲು ಹಿಂದೆ ಒಂದು ಹಲಗೆ, ಅದರ ಮೇಲೆ ಶಾರದೆ ಹೊಲಿದ ಹತ್ತಿಯ ದಿಂಬು. ಬೆಳಕಿಗೆ ಸೂರ್ಯನೇ ಗತಿ. ಬೆಳಿಗ್ಗೆ ಕುರ್ಚಿ ಪೂರ್ವದ ಕಿಟಕಿಗೆ, ಮಧ್ಯಾಹ್ನದ ಮೇಲೆ ಪಡುವಣ ಬಾಗಿಲಿಗೆ. ಮೋಡ ಕವಿದ ದಿನ ಬಾಯಿಯೊಳಗಿನ ಅರ್ಧ ಕೆಲಸವನ್ನು ಬೆರಳೇ ಮಾಡಬೇಕಾಗಿತ್ತು.

ಬೆರಳನ್ನು ನಂಬದೆ ಮಾಡಿದ ಒಂದು ತಪ್ಪಿನಿಂದಲೇ ನನ್ನ ಕಥೆ ಶುರುವಾಗುತ್ತದೆ.

ಕೊರಟಗೆರೆಯಲ್ಲಿ ಪುರಿ ಹುರಿಯುವ ಭಟ್ಟಿ ಇಟ್ಟುಕೊಂಡಿದ್ದ ಹನುಮಕ್ಕ ಎಂಬಾಕೆ ಒಂದು ದಿನ ಕೆನ್ನೆ ಹಿಡಿದುಕೊಂಡು ಬಂದಳು. ಮೇಲಿನ ಸಾಲಿನ ಒಂದು ದವಡೆ ಹಲ್ಲನ್ನು ಬೆರಳಿಟ್ಟು ತೋರಿಸಿದಳು. "ಇದೇ ಕಣಪ್ಪ, ಇದೇ. ಕಿತ್ತಾಕ್ಬುಡು" ಅಂದಳು. ಹಲ್ಲಿನಲ್ಲಿ ಒಂದು ಸಣ್ಣ ಕಪ್ಪು ಚುಕ್ಕೆ ಇತ್ತು. ಅಷ್ಟೇ ಸಾಕಾಯಿತು ನನಗೆ, ಕಿತ್ತೆ. ಮುಂದಿನ ವಾರ ಅದೇ ನೋವಿನಲ್ಲಿ ಮತ್ತೆ ಬಂದಳು. ಪಕ್ಕದ ಹಲ್ಲು ತೋರಿಸಿದಳು. ಅದನ್ನೂ ಕಿತ್ತೆ. ಮೂರನೆಯ ವಾರ ಅವಳ ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ಹೆದರಿ ಅವಳನ್ನು ಬಸ್ಸಿನಲ್ಲಿ ಮಧುಗಿರಿಗೆ ಕರೆದುಕೊಂಡು ಬಂದು ನನ್ನ ಮೇಲಿನ ಡಾಕ್ಟರಾದ ಶ್ರೀಕಂಠಯ್ಯನವರಿಗೆ ತೋರಿಸಿದೆ.

ಶ್ರೀಕಂಠಯ್ಯನವರು ಹೆಚ್ಚು ಮಾತಿನವರಲ್ಲ. ಕೈ ತೊಳೆದು, ತೋರುಬೆರಳನ್ನು ಅವಳ ಕೆಳದವಡೆಯ ತುದಿಯವರೆಗೆ ಜಾರಿಸಿ ಅಲ್ಲಿ ಒತ್ತಿದರು. ಹನುಮಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ವಸಡಿನ ಕೆಳಗೆ ಅಡ್ಡಡ್ಡ ಮಲಗಿ ಅರ್ಧ ಮಾತ್ರ ಮೊಳೆತಿದ್ದ ಕೊನೆಯ ಹಲ್ಲು ಕೀವು ಕಟ್ಟಿಕೊಂಡಿತ್ತು. ನೋವು ಕೆಳಗೆ, ಅವಳಿಗೆ ಅನ್ನಿಸಿದ್ದು ಮೇಲೆ. ಬಾಯಿಯ ನರಗಳು ಹಾಗೆ ಮೋಸ ಮಾಡುತ್ತವೆ ಎಂದು ನಾನು ಪುಸ್ತಕದಲ್ಲಿ ಓದಿಯೇ ಇದ್ದೆ.

"ನಿನ್ನ ಬೆರಳಿಗೆ ಏನಾಗಿತ್ತಯ್ಯ?" ಅಂದರು. ಅಷ್ಟೇ. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಹನುಮಕ್ಕನೂ ಬೈಯಲಿಲ್ಲ. ವಾಸಿಯಾದ ಮೇಲೆ ನಾನು ಕೊರಟಗೆರೆಗೆ ಹೋದಾಗ ತಲೆ ತಗ್ಗಿಸಿಕೊಂಡು ಅವಳ ಭಟ್ಟಿಯ ಮುಂದೆ ಹಾದರೆ ಕೂಗಿ ನಿಲ್ಲಿಸಿದಳು. "ಯಾಕ್ ಸ್ವಾಮಿ ಮೊಕ ಮರೆಸ್ಕೊಂಡ್ ಓಯ್ತೀರಿ? ನಾನಲ್ವಾ ತೋರ್ಸಿದ್ದು! ಎಲ್ಡು ಹಲ್ಲು ಓದ್ರೆ ಓಗ್ಲಿ ಬುಡಿ, ಪುರಿ ತಿನ್ನಾಕೆ ಇನ್ನೊಂದ್ ಕಡೆ ಐತೆ" ಎಂದು ಬಾಯಿ ತೆರೆದು ಆ ಖಾಲಿ ಜಾಗ ತೋರಿಸಿ ನಕ್ಕಳು. ಬಿಸಿ ಪುರಿಯ ಪೊಟ್ಟಣ ಕಟ್ಟಿ ಕೊಟ್ಟಳು. ಆ ನಗುವನ್ನು ತಡೆದುಕೊಳ್ಳುವುದು ನನಗೆ ಬೈಗುಳಕ್ಕಿಂತ ಕಷ್ಟವಾಯಿತು.

ಆ ಹೊತ್ತಿಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹಲ್ಲಿಗೂ ಎಕ್ಸ್‌ರೇ ಪಟ ತೆಗೆಯತೊಡಗಿದ್ದರು. ಯಾವ ಆಸ್ಪತ್ರೆ ಎನ್ನುವುದು ಬೇಡ. ಹಳ್ಳಿಯಿಂದ ಬಂದವರಿಗೆ ನಾವು ಚೀಟಿ ಬರೆದುಕೊಟ್ಟರೆ ಸಾಕು, ತೆಗೆದುಕೊಡುತ್ತಿದ್ದರು. ನನಗೆ ದಾರಿ ಸಿಕ್ಕಿತು ಅನ್ನಿಸಿತು. ಕೈ ತಪ್ಪಬಹುದು, ಕಣ್ಣು ತಪ್ಪಬಹುದು, ಪಟ ಹೇಗೆ ತಪ್ಪುತ್ತದೆ? ಹನುಮಕ್ಕನ ನಂತರ ಸುಮಾರು ಎರಡು ವರ್ಷ ನಾನು ಹೆದರಿಕೆಯಲ್ಲಿ ಕೆಲಸ ಮಾಡಿದೆ. ಸ್ವಲ್ಪ ಅನುಮಾನ ಬಂದರೂ ಚೀಟಿ. ರೋಗಿ ಸರಿಯಾಗಿ ಹೇಳದಿದ್ದರೆ ಚೀಟಿ. ಹೊರಗೆ ಸಾಲು ಉದ್ದವಿದ್ದು ನನಗೆ ಆಯಾಸವಾಗಿದ್ದರೆ, ಈಗ ಒಪ್ಪಿಕೊಳ್ಳುತ್ತೇನೆ, ಆಗಲೂ ಚೀಟಿ. ಬರೆದುಕೊಟ್ಟರೆ ಆ ನೋವು ನನ್ನ ಮೇಜಿನಿಂದ ಎದ್ದು ಹೋಗುತ್ತಿತ್ತು. ರೋಗಿಗೂ ಒಂಥರಾ ಗೌರವ: 'ನಮ್ಮ ಹಲ್ಲಿಗೆ ಬೆಂಗಳೂರಾಗೆ ಪೋಟೋ ತೆಗ್ಸವ್ರೆ.'

ಹೋಗಿಬರುವುದು ಮಾತ್ರ ಸುಲಭವಲ್ಲ. ಬಸ್ಸಿನಲ್ಲಿ ತುಮಕೂರು, ಅಲ್ಲಿಂದ ರೈಲು. ಕೊಡಿಗೇನಹಳ್ಳಿ ಕಡೆಯವರಾದರೆ ಗಾಡಿ ಕಟ್ಟಿಕೊಂಡು ಹಿಂದೂಪುರಕ್ಕೆ ಹೋಗಿ ರೈಲು ಹಿಡಿಯಬೇಕು. ಮೂರು ದಿನದ ಕೆಲಸ ಕೆಡುತ್ತಿತ್ತು. ಬಿತ್ತನೆಯ ಕಾಲದಲ್ಲಿ ಒಬ್ಬ ರೈತನನ್ನು ಹಾಗೆ ಕಳಿಸಿದ್ದೆ. ಪಟದಲ್ಲಿ ಕಂಡದ್ದು, ನಾನು ಕನ್ನಡಿಯಲ್ಲಿ ಕಂಡಿದ್ದ ಅದೇ ಹುಳುಕು.

ಈ ಚಾಳಿಗೆ ಕೊನೆ ಬಂದದ್ದು ಶಿರಾದ ರಸೂಲ್ ಸಾಹೇಬರಿಂದ. ಅವರು ಪಾತ್ರೆಗಳಿಗೆ ಕಲಾಯಿ ಹಾಕುವವರು. ಇಡೀ ದಿನ ಬೆಂಕಿ ಊದುವ ತಿದಿಯ ಮುಂದೆ ಕೂತು ಬಗ್ಗಿ ಕೆಲಸ. ಮೇಲಿನ ಎಡಗಡೆಯ ನಾಲ್ಕೈದು ಹಲ್ಲು ಒಟ್ಟಿಗೆ ನೋಯುತ್ತವೆ ಎಂದು ಬಂದರು. ಹಲ್ಲೆಲ್ಲ ಮುತ್ತಿನ ಹಾಗೆ ಗಟ್ಟಿ. ನಾನು ಒಂದಲ್ಲ, ಮೂರು ಸಲ ಬೆಂಗಳೂರಿಗೆ ಕಳಿಸಿದೆ. ಮೂರನೆಯ ಸಲ ವಾಪಸು ಬಂದವರು ಶಿರಾಕ್ಕೆ ಹೋಗದೆ ನೇರವಾಗಿ ಮಧುಗಿರಿಗೇ ಬಂದು ಪಟದ ಲಕೋಟೆಯನ್ನು ನನ್ನ ಮೇಜಿನ ಮೇಲಿಟ್ಟರು.

"ಡಾಕ್ಟರ್ ಸಾಬ್, ತಪ್ಪು ತಿಳೀಬೇಡಿ. ಮೂರು ಸಲ ಹೋಗಿ ಬಂದೆ. ಪಟದಾಗೆ ಏನೂ ಇಲ್ಲ ಅಂತಾರೆ. ದರ್ದ್ ಇಲ್ಲೇ ಐತೆ. ನಾನೇನು ಸುಳ್ಳು ಹೇಳ್ತೀನಾ?"

ಪಕ್ಕದ ಕೋಣೆಯಲ್ಲಿದ್ದ ಶ್ರೀಕಂಠಯ್ಯನವರಿಗೆ ಇದು ಕೇಳಿಸಿತು. ಬಂದು ಪಟಗಳನ್ನು ನೋಡಲೂ ಇಲ್ಲ. "ಸಾಹೇಬರೇ, ನೋವು ಯಾವಾಗ ಜಾಸ್ತಿ?" ಎಂದರು.

"ತಿದಿ ಮುಂದೆ ಬಗ್ಗಿದಾಗ, ಹುಜೂರ್."

"ನೆಗಡಿ?"

"ಅದು ಯಾವಾಗ್ಲೂ ಇದ್ದದ್ದೇ."

ಶ್ರೀಕಂಠಯ್ಯನವರು ಕಣ್ಣಿನ ಕೆಳಗೆ ಕೆನ್ನೆಯ ಮೂಳೆಯನ್ನು ಹೆಬ್ಬೆರಳಿನಿಂದ ಒತ್ತಿದರು. ರಸೂಲ್ ಸಾಹೇಬರು "ಯಾ ಅಲ್ಲಾ!" ಎಂದು ಹಿಂದೆ ಸರಿದರು. ಕೆನ್ನೆಯ ಮೂಳೆಯೊಳಗೆ ಗೂಡಿನಂಥ ಜಾಗ ಒಂದಿದೆ. ನೆಗಡಿಯಿಂದ ಅದು ಕಟ್ಟಿಕೊಂಡರೆ ಕೆಳಗಿರುವ ಹಲ್ಲುಗಳೆಲ್ಲ ನೋಯುತ್ತವೆ. ಬಿಸಿನೀರಿನ ಹಬೆ, ಮೂಗಿಗೆ ಮದ್ದು, ಕೆಲವು ದಿನ ತಿದಿಯಿಂದ ದೂರ. ಹದಿನೈದು ದಿನದಲ್ಲಿ ಸರಿಹೋದರು. ಒಂದು ಪ್ರಶ್ನೆಗೆ ಸಿಕ್ಕಿದ ಉತ್ತರ ಮೂರು ಪಟಗಳಿಗೆ ಸಿಕ್ಕಿರಲಿಲ್ಲ.

ಅವರು ಹೋದ ಮೇಲೆ ಶ್ರೀಕಂಠಯ್ಯನವರು ನನ್ನ ಎದುರು ಕೂತರು. "ಚೀಟಿ ಬರೆಯೋ ಮುಂಚೆ ನಿನ್ನನ್ನ ನೀನೇ ಒಂದು ಮಾತು ಕೇಳ್ಕೊ. ಪಟದಲ್ಲಿ ಹೀಗೆ ಕಂಡ್ರೆ ನಾನು ಏನು ಮಾಡ್ತೀನಿ? ಹಾಗೆ ಕಂಡ್ರೆ ಏನು ಮಾಡ್ತೀನಿ? ಎರಡಕ್ಕೂ ಒಂದೇ ಉತ್ತರ ಬಂದ್ರೆ ಪಟ ಯಾಕಯ್ಯ?" ಎಂದರು. ಆಮೇಲೆ, "ನಾಳೆ ಒಬ್ಬ ದವಡೆ ಮುರಿದೋನು ಬೆಂಗಳೂರಿಗೆ ಹೋಗ್ಬೇಕು. ಅವನ ಜೊತೆ ನೀನೂ ಹೋಗು. ಚೀಟಿ ಎಲ್ಲಿಗೆ ಹೋಗುತ್ತೆ ಅಂತ ಒಂದು ಸಲ ನೋಡ್ಕೊಂಡು ಬಾ" ಎಂದರು.

ಹೋದೆ. ಎಕ್ಸ್‌ರೇ ಕೋಣೆ ಆಸ್ಪತ್ರೆಯ ಹಿಂಬದಿಯಲ್ಲಿತ್ತು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ. ಬಾಗಿಲಲ್ಲಿ ಬಿಳಿ ಕೋಟಿನ, ನರೆತ ಕ್ರಾಪಿನ ಒಬ್ಬರು ನನ್ನ ಚೀಟಿ ಓದಿ ಮುಖ ಅರಳಿಸಿದರು. "ಮಧುಗಿರಿ ಡಾಕ್ಟ್ರಾ! ಅಕ್ಷರ ನೋಡೇ ಗೊತ್ತಾಯ್ತು ಸಾರ್. ಬನ್ನಿ ಬನ್ನಿ. ನಿಮ್ಮ ಕಡೆಯವರ ಬಾಯೆಲ್ಲ ನನಗೆ ಗುರುತು, ಮುಖ ಮಾತ್ರ ನೆನಪಿಲ್ಲ" ಎಂದು ನಕ್ಕರು. ಅವರ ಹೆಸರು ಅರುಳಪ್ಪ. ಪಟ ತೆಗೆಯುವವರೂ ಅವರೇ, ತೊಳೆಯುವವರೂ ಅವರೇ.

ದವಡೆ ಮುರಿದವನ ಪಟ ಆದ ಮೇಲೆ ಒಬ್ಬ ಮುದುಕಿ ಹಲ್ಲಿನ ಪಟಕ್ಕೆ ಬಂದಳು. ಅದಕ್ಕೆ ಒಂದು ಸಣ್ಣ ಫಿಲ್ಮು, ಬಿಸ್ಕತ್ತಿಗಿಂತ ಚಿಕ್ಕದು, ಕಪ್ಪು ಕಾಗದದಲ್ಲಿ ಸುತ್ತಿದ್ದು. ಅದನ್ನು ಹಲ್ಲಿನ ಒಳಗಡೆ ಇಟ್ಟು, ಹೊರಗಿನಿಂದ ಕಿರಣ ಬಿಡಬೇಕು. ಅಷ್ಟು ಹೊತ್ತು ಅಲುಗಾಡದ ಹಾಗೆ ಯಾರಾದರೂ ಬೆರಳಿನಿಂದ ಒತ್ತಿ ಹಿಡಿಯಬೇಕು. ಮುದುಕಿಗೆ ಓಕರಿಕೆ, ನಡುಕ. ಅರುಳಪ್ಪನವರು "ಹೆದರಬೇಡಿ ಅಮ್ಮ" ಎನ್ನುತ್ತಾ ತಮ್ಮ ತೋರುಬೆರಳನ್ನೇ ಅವಳ ಬಾಯಿಗಿಟ್ಟು ಫಿಲ್ಮನ್ನು ಹಿಡಿದರು. ಯಂತ್ರ ಗುಂಯ್‌ಗುಟ್ಟಿತು.

ಅವರು ಕೈ ಹೊರಗೆ ತೆಗೆದಾಗ ನಾನು ನೋಡಿದೆ. ಆ ಬೆರಳಿನ ಉಗುರು ಒಣಗಿದ ತೊಗಟೆಯ ಹಾಗೆ ಸೀಳಿತ್ತು. ಚರ್ಮ ಹೊಳೆಯುತ್ತಿತ್ತು, ಗೆಣ್ಣಿನ ಮೇಲೆ ಕಪ್ಪು ಗಂಟುಗಳು. ಪಕ್ಕದ ಬೆರಳಿಗೆ ಬಟ್ಟೆ ಸುತ್ತಿತ್ತು. ಡಾಕ್ಟರಾದ ನನಗೆ ಅದೇನೆಂದು ಕೇಳಬೇಕಾಗಿರಲಿಲ್ಲ. ಕಿರಣ ಸುಟ್ಟ ಗಾಯ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ.

"ಎಲ್ಲರಿಗೂ ನೀವೇ ಹಿಡೀತೀರಾ?"

"ಹಳ್ಳಿಯವರಿಗೆ ಹಿಡಿಯೋಕೆ ಗೊತ್ತಾಗಲ್ಲ ಸಾರ್, ಅಲ್ಲಾಡಿಸಿಬಿಡ್ತಾರೆ. ಪಟ ಕೆಟ್ಟರೆ ಪಾಪ, ಮತ್ತೆ ಅಷ್ಟು ದೂರದಿಂದ ಬರ್ಬೇಕಲ್ಲ."

"ರಸೂಲ್ ಸಾಹೇಬರು ಅಂತ, ಶಿರಾದವರು…"

"ಮೂರು ಸಲ ಬಂದಿದ್ರಲ್ಲ, ಗಟ್ಟಿ ಹಲ್ಲಿನವರು! ಹೇಗಿದ್ದಾರೆ?"

ಚೆನ್ನಾಗಿದ್ದಾರೆ ಎಂದೆ. ವಾಪಸು ಬರುವಾಗ ರೈಲಿನಲ್ಲಿ ನಾನು ಬರೆದ ಚೀಟಿಗಳೆಲ್ಲ ಆ ಬೆರಳಿನ ಮೇಲೆ ಬಂದು ಕೂತ ಹಾಗೆ ಕಾಣುತ್ತಿತ್ತು.

ಆಮೇಲೆ ಶ್ರೀಕಂಠಯ್ಯನವರ ಪಕ್ಕ ನಿಂತು ನಾನು ಕೆಲಸವನ್ನು ಮತ್ತೊಮ್ಮೆ ಕಲಿತೆ. ಮೊದಲು ಕೇಳುವುದು: ಎಂದಿನಿಂದ, ಯಾವಾಗ, ಬಿಸಿಗೋ ತಣ್ಣಗೋ, ಮಲಗಿದಾಗಲೋ ಬಗ್ಗಿದಾಗಲೋ. ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲನ್ನು ತಟ್ಟುವುದು, ರೋಗಿಯ ಬಾಯಿಯನ್ನಲ್ಲ, ಕಣ್ಣನ್ನು ನೋಡುತ್ತಾ. ಹೂಜಿಯ ನೀರಿನಲ್ಲಿ ಅದ್ದಿದ ಹತ್ತಿ ಇಡುವುದು. ವಸಡಿನ ಉದ್ದಕ್ಕೂ ಬೆರಳು ಓಡಿಸುವುದು. ಗಲ್ಲದ ಕೆಳಗೆ ಗಂಟು ಹುಡುಕುವುದು. ಇಷ್ಟು ಮಾಡಿದರೆ ಹತ್ತರಲ್ಲಿ ಎಂಟು ಮಂದಿಯ ನೋವು ತಾನೇ ತನ್ನ ಮನೆ ತೋರಿಸುತ್ತಿತ್ತು. ಬೇರು ಮೂಳೆಯೊಳಗೆ ಮುರಿದು ಉಳಿದದ್ದು, ಮೊಳೆಯದೆ ಹೂತುಹೋದ ಹಲ್ಲು, ಪೆಟ್ಟು ಬಿದ್ದ ದವಡೆ, ಹೊರಗಿನಿಂದ ಎಷ್ಟು ತಡಕಿದರೂ ಕಾರಣ ಸಿಗದ ಊತ, ಇಂಥವಕ್ಕೆ ಮಾತ್ರ ಚೀಟಿ.

ಚೀಟಿ ಕೊಟ್ಟವರನ್ನೂ ಹಾಗೇ ಕಳಿಸುತ್ತಿರಲಿಲ್ಲ. ಫಿಲ್ಮಿನ ಅಳತೆಗೆ ದಪ್ಪ ರಟ್ಟು ಕತ್ತರಿಸಿ, ಮೇಣದ ಕಾಗದ ಸುತ್ತಿ ಇಟ್ಟುಕೊಂಡಿದ್ದೆ. ಹೋಗುವವರನ್ನು ಕುರ್ಚಿಯಲ್ಲಿ ಕೂರಿಸಿ, ಆ ರಟ್ಟನ್ನು ಅವರವರ ಹೆಬ್ಬೆರಳಿನಿಂದಲೇ ಹಲ್ಲಿಗೆ ಒತ್ತಿ, ಮೂಗಿನಲ್ಲಿ ಉಸಿರಾಡುತ್ತಾ, ನಾನು ಇಪ್ಪತ್ತು ಎಣಿಸುವ ತನಕ ಅಲುಗದೆ ಕೂರುವುದನ್ನು ಕಲಿಸುತ್ತಿದ್ದೆ. ಸಾಲಿನಲ್ಲಿ ಕೂತವರು ನಗುತ್ತಿದ್ದರು. "ಏನ್ಲಾ, ಡಾಕ್ಟ್ರು ನಿಂಗೆ ಬೆಳ್ಳು ಚೀಪಾಕೆ ಕಲಿಸ್ತಾವ್ರಾ?" ಎಂದು ಯಾರೋ ಕಿಚಾಯಿಸುತ್ತಿದ್ದರು. ನಗಲಿ ಎಂದು ಬಿಡುತ್ತಿದ್ದೆ. ಕೆಲವು ತಿಂಗಳ ನಂತರ ಅರುಳಪ್ಪನವರಿಂದ ಒಂದು ಪಟದ ಲಕೋಟೆಯ ಹಿಂದೆ ಪೆನ್ಸಿಲಿನ ಸಾಲು ಬಂತು: 'ಮಧುಗಿರಿಯವರು ಈಗ ತಾವೇ ಹಿಡಿಯುತ್ತಾರೆ. ಬಹಳ ಉಪಕಾರ.' ನನ್ನ ಕೆಲಸದ ಬಗ್ಗೆ ಮೇಲಿನವರು ಬರೆದ ಯಾವ ಕಾಗದವನ್ನೂ ನಾನು ಇಟ್ಟುಕೊಂಡಿಲ್ಲ. ಆ ಲಕೋಟೆ ನನ್ನ ಪೆಟ್ಟಿಗೆಯಲ್ಲಿದೆ.

ಶ್ರೀಕಂಠಯ್ಯನವರಿಗೆ ವರ್ಗವಾಯಿತು. ಯುದ್ಧ ಶುರುವಾಯಿತು. ಫಿಲ್ಮು ಸಿಗುವುದು ಕಷ್ಟವಾಯಿತು; ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡತೊಡಗಿದವು, ಏರು ಬಂದರೆ ಜನ ಇಳಿದು ನಡೆಯಬೇಕು. ಒಬ್ಬರನ್ನು ಪಟಕ್ಕೆ ಕಳಿಸುವುದೆಂದರೆ ಹತ್ತು ಸಲ ಯೋಚಿಸುವ ಕಾಲ. ಅಂಥ ಹೊತ್ತಿನಲ್ಲೇ ಅಕ್ಕಲಮ್ಮ ಎಂಬಾಕೆ ಬಂದದ್ದು.

ಪಾವಗಡದ ಆಸ್ಪತ್ರೆಯ ಮುಂದೆ ಒಂದು ಹೊಂಗೆಮರವಿತ್ತು. ರೋಗಿಗಳೆಲ್ಲ ಅದರ ನೆರಳಿನಲ್ಲಿ ಕೂತಿದ್ದರೆ ಒಬ್ಬಳು ಮಾತ್ರ ಆಚೆ ಬಿಸಿಲಿನಲ್ಲಿ, ಸೆರಗಿನಿಂದ ಗಲ್ಲ ಮುಚ್ಚಿಕೊಂಡು ಕೂತಿದ್ದಳು. ಇಪ್ಪತ್ತು ದಾಟಿರಲಾರದು. ಅವಳನ್ನು ಯಾರೂ ಒಳಗೆ ಕರೆಯಲಿಲ್ಲ. ಎಲ್ಲರೂ ಹೋದ ಮೇಲೆ ಅವಳ ತಂದೆ ನರಸಪ್ಪನೇ ಬಾಗಿಲಿಗೆ ಬಂದು ಕೈಮುಗಿದ. ನಾಗಲಮಡಿಕೆಯ ಹತ್ತಿರದ ಹಳ್ಳಿಯವನು, ಮಾತಿನಲ್ಲಿ ಅರ್ಧ ತೆಲುಗು.

"ಸಾಮೀ, ನಮ್ಮ ಬಿಡ್ಡಕ್ಕೆ ಗಲ್ಲದ ಕೆಳಗೆ ಒಂದು ಪುಂಡು, ಹುಣ್ಣು ಆಗೈತೆ. ಎಲ್ಡು ವರ್ಷ ಆಯ್ತು, ಆರ್ತದೆ, ಮತ್ತೆ ಒಡೀತದೆ. ದೊಡ್ಡ ರೋಗ ಅಂತಾರೆ ಊರಾಗೆ. ಅಲ್ಲುಡು, ನಮ್ಮ ಅಳಿಯ, ಕರ್ಕೊಂಡ್ ಬಂದು ನಮ್ಮನೇಲಿ ಬಿಟ್ಬುಟ್ಟು ಹೋದ. ಮೂರು ವರ್ಷದ ಕೂಸು ಅಲ್ಲೇ ಇಟ್ಕೊಂಡವ್ರೆ."

ಅವಳು ಒಳಗೆ ಬಂದು ಕುರ್ಚಿಯಲ್ಲಿ ಕೂರಲು ಹಿಂಜರಿದಳು. ನಾನೇ ಕೈ ಹಿಡಿದು ಕೂರಿಸಿದೆ. ಹಾಗೆ ಹಿಡಿದಾಗ ಅವಳು ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದಳು. ಗಲ್ಲದ ಕೆಳಗೆ ಒಂದು ಸಣ್ಣ ತೂತು, ಸುತ್ತ ಮೊಗ್ಗಿನ ಹಾಗೆ ಉಬ್ಬಿದ ಮಾಂಸ. ಯಾರೋ ಬರೆ ಹಾಕಿದ್ದ ಗುರುತೂ ಇತ್ತು. ಮೊದಲು ಅವಳ ಕಣ್ಣು ಮುಚ್ಚಿಸಿ, ಮುಖ, ಕೈಕಾಲಿನ ಮೇಲೆಲ್ಲ ಕೋಳಿಗರಿ ಆಡಿಸಿದೆ. ಪ್ರತಿ ಸಲವೂ "ಊಂ" ಎಂದಳು. ಸ್ಪರ್ಶ ಎಲ್ಲೂ ಹೋಗಿರಲಿಲ್ಲ. ಮೈ ಮೇಲೆ ಮಚ್ಚೆಯೂ ಇರಲಿಲ್ಲ. ಜನ ಹೆದರಿದ್ದ ಕುಷ್ಠ ಇದಲ್ಲ.

ಬಾಯಿ ತೆರೆಸಿದೆ. ಕೆಳಗಿನ ಸಾಲಿನ ನಡುವೆ ಎರಡು ಹಲ್ಲು ಬೂದಿ ಬಣ್ಣಕ್ಕೆ ತಿರುಗಿದ್ದವು.

"ಇಲ್ಲಿ ಯಾವಾಗಲಾದರೂ ಪೆಟ್ಟು ಬಿದ್ದಿತ್ತೇನಮ್ಮ?"

ಅವಳಿಗೆ ನೆನಪಾಗಲಿಲ್ಲ. ನರಸಪ್ಪ ಬಾಗಿಲಿನಿಂದಲೇ ಹೇಳಿದ: "ಸಣ್ಣೋಳಿದ್ದಾಗ ಕಪಿಲೆ ಬಾವಿ ಕಲ್ಲಿನ ಮ್ಯಾಲೆ ಬಿದ್ದಿದ್ಲು ಸಾಮೀ. ಬಾಯೆಲ್ಲ ರಕ್ತ."

ನನಗೆ ದಾರಿ ಕಂಡಿತು. ಎಂದೋ ಸತ್ತ ಹಲ್ಲಿನ ಬೇರಿನಲ್ಲಿ ಕೀವು ಕಟ್ಟಿ, ಒಳಗೆ ದಾರಿಯಿಲ್ಲದೆ ಗಲ್ಲದ ಚರ್ಮವನ್ನು ತೂತು ಮಾಡಿಕೊಂಡು ಹೊರಗೆ ಬರುತ್ತಿತ್ತು. ಹಲ್ಲು ತೆಗೆದರೆ ಹುಣ್ಣು ಆರುತ್ತದೆ. ಆದರೆ ಯಾವ ಹಲ್ಲು? ಎರಡನ್ನೂ ತಟ್ಟಿದೆ, ಒಂದೇ ಸದ್ದು. ತಣ್ಣೀರಿನ ಹತ್ತಿ ಇಟ್ಟೆ, ಎರಡಕ್ಕೂ ಗೊತ್ತಾಗಲಿಲ್ಲ. ಎರಡನ್ನೂ ಕಿತ್ತುಬಿಟ್ಟರೆ ಇವತ್ತೇ ಕೆಲಸ ಮುಗಿಯುತ್ತದೆ. ಹಾಗೆ ಹೇಳಿಯೂ ಬಿಟ್ಟೆ.

ಅಕ್ಕಲಮ್ಮ ಮೊದಲ ಸಲ ನೇರವಾಗಿ ನನ್ನನ್ನು ನೋಡಿ ಮಾತಾಡಿದಳು. "ಎಲ್ಡೂ ಬ್ಯಾಡ ಸಾಮಿ. ಯಾವ್ದು ಕೆಟ್ಟೈತೋ ಅದನ್ನ ನೋಡಿ ಕೀಳಿ. ಈಗಲೇ ಮೊಕ ಇಂಗಾಗೈತೆ. ಬೋಡುಬಾಯಿ ಇಟ್ಕೊಂಡು ಓದ್ರೆ ಕೂಸು ನನ್ನ ಗುರ್ತು ಇಡಿಯಲ್ಲ."

ಹೀಗೆ ಕಂಡರೆ ಒಂದು ಹಲ್ಲು, ಹಾಗೆ ಕಂಡರೆ ಇನ್ನೊಂದು, ಇಲ್ಲವೇ ಎರಡೂ. ಉತ್ತರ ಬದಲಾಗುತ್ತಿತ್ತು. ಅಲ್ಲೇ ಅವಳಿಗೆ ರಟ್ಟು ಹಿಡಿಯುವುದನ್ನು ಕಲಿಸಿದೆ. ಎರಡನೆಯ ಸಲಕ್ಕೇ ಅವಳು ಬಂಡೆಯ ಹಾಗೆ ಅಲುಗದೆ ಕೂತಳು. ಚೀಟಿ ಬರೆದೆ. ತಂದೆ ಮಗಳು ಹಿಂದೂಪುರದ ದಾರಿ ಹಿಡಿದರು.

ಅವರು ಪಟ ಹಿಡಿದು ಮಧುಗಿರಿಗೇ ಬಂದದ್ದು ಎಂಟು ದಿನದ ಮೇಲೆ. ಪಟವನ್ನು ಕಿಟಕಿಗೆ ಹಿಡಿದು ನೋಡಿದೆ. ಎಡಗಡೆಯ ಹಲ್ಲಿನ ಬೇರಿನ ತುದಿಯಲ್ಲಿ ಹುರಿಗಡಲೆಯಷ್ಟು ದುಂಡನೆಯ ಕಪ್ಪು ನೆರಳು. ಬಲಗಡೆಯದು ಬಣ್ಣಗೆಟ್ಟಿದ್ದರೂ ಬೇರು ಸ್ವಚ್ಛವಾಗಿತ್ತು.

"ಅಲ್ಲೊಬ್ರು ಇದ್ರು ಸಾಮಿ, ಬೆಳ್ಳಿಗೆ ಬಟ್ಟೆ ಸುತ್ಕೊಂಡು" ಎಂದಳು ಅಕ್ಕಲಮ್ಮ. "ನಾನೇ ಇಡ್ಕೋತೀನಿ ಬಾಯಿ ತೆಗಿಯಮ್ಮ ಅಂದ್ರು. ಬ್ಯಾಡಿ, ನಂಗೆ ಡಾಕ್ಟ್ರು ಕಲ್ಸಿ ಕಳ್ಸವ್ರೆ ಅಂದೆ. ನಕ್ಬುಟ್ರು. ಒಂದೇ ಏಟಿಗೆ ಪಟ ಬಂತು. ಬರೋವಾಗ ಅವ್ರು ನಂಗೆ ಕೈ ಮುಗಿದ್ರು ಸಾಮಿ. ನಂಗೆ ಯಾರಾದ್ರೂ ಕೈ ಮುಗೀತಾರಾ?"

ಒಂದೇ ಹಲ್ಲು ಕಿತ್ತೆ. ಮೂರು ವಾರಕ್ಕೆ ತೂತು ಮುಚ್ಚಿತು, ಎರಡು ತಿಂಗಳಿಗೆ ಅಲ್ಲಿ ಒಂದು ಗುಳಿ ಮಾತ್ರ ಉಳಿಯಿತು. ಆದರೆ ಗಂಡನ ಮನೆಯವರು ನಂಬಬೇಕಲ್ಲ. ನರಸಪ್ಪನ ಕೈಯಲ್ಲಿ ಹೇಳಿಕಳಿಸಿ ಅವರನ್ನು ಮುಂದಿನ ತಿಂಗಳು ಪಾವಗಡಕ್ಕೇ ಕರೆಸಿದೆ. ಗಂಡ ಬಂದ, ಅತ್ತೆ ಬಂದಳು. ಅತ್ತೆಯ ಸೊಂಟದ ಮೇಲೆ ಕೂಸು. ಪಟ ತೋರಿಸಿ, ಕಿತ್ತ ಹಲ್ಲನ್ನೂ ತೋರಿಸಿ, ಅವರ ಎದುರಿಗೇ ಅವಳ ಗಲ್ಲವನ್ನು ಬೆರಳಿನಿಂದ ಒತ್ತಿ ತೋರಿಸಿದೆ. ಅತ್ತೆ ಪಟವನ್ನು ತಲೆಕೆಳಗಾಗಿ ಹಿಡಿದು ಬೆಳಕಿಗೆ ನೋಡಿದಳು, ಆಮೇಲೆ ಸೊಸೆಯನ್ನು ನೋಡಿದಳು. "ಇದೊಂದು ಹಲ್ಲಿಗಾ ಇಷ್ಟೆಲ್ಲಾ?" ಅಂದಳು. ಗಂಡ ನೆಲ ನೋಡುತ್ತಾ ನಿಂತಿದ್ದ.

ಕೂಸನ್ನು ಕೆಳಗಿಳಿಸಿದರು. ಹೆಣ್ಣುಮಗು, ತಾಯಿಯನ್ನು ನೋಡಿ ಅಜ್ಜಿಯ ಸೀರೆಯ ಹಿಂದೆ ಅಡಗಿತು. ಅಕ್ಕಲಮ್ಮ ಎಳೆದುಕೊಳ್ಳಲಿಲ್ಲ, ಕರೆಯಲೂ ಇಲ್ಲ. ನೆಲದ ಮೇಲೆ ಕೂತು ಸುಮ್ಮನೆ ಕಾದಳು. ನಾನು ಬೇರೆ ರೋಗಿಗಳನ್ನು ನೋಡುತ್ತಿದ್ದೆ, ಆದರೆ ಕಣ್ಣು ಅಲ್ಲೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಮಗು ಹತ್ತಿರ ಬಂದು ಅವಳ ಗಲ್ಲದ ಗುಳಿಯೊಳಗೆ ಬೆರಳಿಟ್ಟು, "ನೋವಾ?" ಎಂದಿತು. "ಇಲ್ಲ ಕಣಮ್ಮ" ಎಂದಳು ಅವಳು. ಮಗು ಅವಳ ತೊಡೆಯ ಮೇಲೆ ಕೂತಿತು. ಅವಳು ಆಗ ಅತ್ತಳು.

ಹೀಗೆ ಒಂದು ದಿನ ಕಣ್ಣೆದುರು ನಡೆದರೆ ಆ ಸೀಮೆಯನ್ನು ಹೇಗೆ ಮರೆಯುವುದು ಹೇಳಿ.

ಯುದ್ಧ ಮುಗಿಯುವ ಹೊತ್ತಿಗೆ ಅರುಳಪ್ಪನವರ ಬಲಗೈಯ ಎರಡು ಬೆರಳನ್ನು ತೆಗೆದುಹಾಕಬೇಕಾಯಿತು. ಕೆಲಸದಿಂದ ಬಿಡುಗಡೆಯಾದ ಮೇಲೆ ಒಂದು ದಿನ ಅವರು ಹೇಳದೆ ಕೇಳದೆ ತುಮಕೂರಿನ ಬಸ್ಸಿನಲ್ಲಿ ಮಧುಗಿರಿಗೆ ಬಂದಿಳಿದರು. "ಇಷ್ಟು ವರ್ಷ ಬಾಯಿ ನೋಡಿದೆ, ಊರು ನೋಡೋಣ ಅಂತ ಬಂದೆ ಸಾರ್" ಎಂದರು. ಶಾರದೆ ಊಟಕ್ಕೆ ಬಡಿಸಿದಳು. ಅವರು ಎಡಗೈಯಲ್ಲಿ ಚಮಚ ಹಿಡಿದು ಉಂಡರು. ಮಧ್ಯಾಹ್ನವೆಲ್ಲ ನನ್ನ ಕುರ್ಚಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಬಂದವರನ್ನೆಲ್ಲ ನೋಡಿದರು, ಅವರ ಮುಖಗಳನ್ನು. ಹಲ್ಲು ತಟ್ಟಿ, ವಸಡು ಒತ್ತಿ, ಚೀಟಿ ಬರೆಯದೆ ನಾನು ಒಬ್ಬೊಬ್ಬರನ್ನೇ ಕಳಿಸಿದಾಗ ಅವರ ಮುಖದಲ್ಲಿ ಸಣ್ಣ ಸಮಾಧಾನ ಕಾಣುತ್ತಿತ್ತು.

ಸಂಜೆ ಬಸ್ಸಿಗೆ ಕಾಯುತ್ತಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆವು. ಬಂಡೆಯ ಮೇಲೆ ಬಿಸಿಲು ಕೆಂಪಾಗುತ್ತಿತ್ತು. ಎಷ್ಟೋ ವರ್ಷದಿಂದ ಗಂಟಲಲ್ಲಿ ಇಟ್ಟುಕೊಂಡಿದ್ದ ಮಾತನ್ನು ಅಂದು ಕೇಳಿದೆ.

"ಅರುಳಪ್ಪನವರೇ, ಮೊದಲ ಎರಡು ವರ್ಷ ನಾನು ಕಳಿಸಿದ್ದೆನಲ್ಲ, ಆ ಚೀಟಿಗಳು. ಅದರಲ್ಲಿ ಎಷ್ಟು ಬೇಕಾಗಿತ್ತು?"

ಅವರು ಸುಳ್ಳು ಹೇಳುವವರಲ್ಲ. "ಬೇಡದವೇ ಜಾಸ್ತಿ ಸಾರ್" ಎಂದರು. "ತೊಳೆಯೋವಾಗಲೇ ಗೊತ್ತಾಗ್ತಿತ್ತು."

"ಮತ್ತೆ ಯಾಕೆ ಒಂದು ಮಾತು ಬರೆಯಲಿಲ್ಲ ನೀವು?"

"ಚೀಟಿ ಬರೆಯೋರು ಡಾಕ್ಟ್ರು, ನಾನು ಪಟ ತೆಗೆಯೋನು. ಕೇಳಿದ್ದರೆ ಹೇಳ್ತಿದ್ದೆ" ಎಂದರು. ಆಮೇಲೆ, ನನಗೆ ನೋವಾಯಿತೆಂದು ತಿಳಿದೋ ಏನೋ, "ಯಾರೂ ಕೇಳಲಿಲ್ಲ ಸಾರ್, ನೀವೊಬ್ಬರೇ ಅಲ್ಲ. ನೀವು ಕೊನೆಗಾದರೂ ಬೇಡ ಅನ್ನೋದು ಕಲಿತಿರಿ" ಎಂದರು.

ಬಸ್ಸು ಬಂತು. ಹತ್ತುವಾಗ ಬಲಗೈಯಲ್ಲಿ ಕಂಬಿ ಹಿಡಿಯಲು ಆಗಲಿಲ್ಲ. ನಾನು ತೋಳಿಗೆ ಕೈ ಕೊಟ್ಟು ಹತ್ತಿಸಿದೆ. ಮುಂದಿನ ವರ್ಷ ನನಗೆ ನಿವೃತ್ತಿಯಾಯಿತು. ನಂಜನಗೂಡಿಗೆ ಬಂದು ವಿಳಾಸ ತಿಳಿಸಿ ಬರೆದ ಕಾಗದಕ್ಕೆ ಅವರ ಮಗಳು ಉತ್ತರ ಬರೆದಳು. ಬೆರಳಿನಲ್ಲಿ ಶುರುವಾದದ್ದು ತೋಳಿಗೆ ಏರಿತ್ತಂತೆ. ಈಸ್ಟರಿಗೆ ಮುಂಚೆ ತೀರಿಹೋದರಂತೆ.

ಡಾಕ್ಟರೇ, ನಿಮ್ಮ ತುಮಕೂರಿನ ಯಂತ್ರ ಒಳ್ಳೆಯದೇ ಇರುತ್ತದೆ, ನಮ್ಮ ಕಾಲದ್ದಕ್ಕಿಂತ ಸುರಕ್ಷಿತವೂ ಇರಬಹುದು. ಕಳಿಸಬೇಕಾದವರನ್ನು ಹಿಂಜರಿಯದೆ ಕಳಿಸಿ. ಆದರೆ ಅದು ಬಂದ ವಾರವೇ ನೀವೊಮ್ಮೆ ಬಸ್ಸು ಹತ್ತಿ ಹೋಗಿ, ಅದರ ಪಕ್ಕದಲ್ಲಿ ನಿಲ್ಲುವವರ ಹೆಸರು ತಿಳಿದುಕೊಳ್ಳಿ, ಅವರ ಕೈ ನೋಡಿ. ಆಮೇಲೆ ಆಗಾಗ, ನಿಮ್ಮ ಚೀಟಿಗಳಲ್ಲಿ ಯಾವುದು ಬೇಕಾಗಿತ್ತು, ಯಾವುದು ಬೇಡವಾಗಿತ್ತು ಎಂದು ಅವರನ್ನೇ ಕೇಳಿ. ನಿಮಗೆ ಕೇಳಲು ಇನ್ನೂ ಜನ ಇದ್ದಾರೆ. ನನಗೆ ಎದುರು ಕೂರಿಸಿಕೊಂಡು ಒಂದೊಂದನ್ನೇ ತೋರಿಸಿ, "ಇದು ಬೇಕಿತ್ತಾ ಅರುಳಪ್ಪನವರೇ?" ಎಂದು ಕೇಳಬೇಕಾದ ಚೀಟಿಗಳು ಇನ್ನೂ ಬಹಳ ಉಳಿದಿವೆ.